ನಿಯೋಟ್ರೋಗ್ಲಾ ಹೆಣ್ಣಿನ ಅಂಗಕ್ಕೆ ಏನನ್ನಬೇಕು?

ನಿಯೋಟ್ರೋಗ್ಲಾ ಎಂಬ ಗುಹೆ ಕೀಟದ ಬಗ್ಗೆ ನೀವು ಬರೆದ ಲೇಖನದಲ್ಲಿ "ಹೆಣ್ಣಿನ ಶಿಶ್ನ" ಅಂತ ಓದಿದವರು "ಹಾಗಾದ್ರೆ ವೀರ್ಯ ಬಿಡುವುದೂ ಹೆಣ್ಣಾ?" ಎಂದು ಕೇಳುತ್ತಿರುವುದಕ್ಕೆ ಬಹುಶಃ ಶಿಶ್ನ ಎಂಬ ಪದವೇ ಕಾರಣ. ಒಳಗೆ ಹೋಗುವುದು, ವೀರ್ಯ ಕೊಡುವುದು, ಎರಡೂ ಕೆಲಸ ಆ ಪದದಲ್ಲಿ ಸೇರಿಕೊಂಡಿವೆ. ಬ್ರೆಜಿಲ್ ಗುಹೆಗಳ ಈ ಪುಟ್ಟ ಕೀಟದಲ್ಲಿ ಅವು ಬೇರೆ ಬೇರೆ.

ಮೊದಲು ಒಂದೇ ಸಾಲಲ್ಲಿ ಹೇಳಿಬಿಡಿ: ಮೊಟ್ಟೆ ಇಡುವುದು ಹೆಣ್ಣು, ವೀರ್ಯ ಕೊಡುವುದು ಗಂಡು. ಆಮೇಲೆ ಅಂಗ ಮಾಡುವ ಕೆಲಸ ತೋರಿಸಿ. ಹೆಣ್ಣು ಗಂಡಿನ ಮೇಲೇರಿ ಅಂಗವನ್ನು ಅದರೊಳಗೆ ತೂರಿಸುತ್ತದೆ. ಅಲ್ಲಿ ಬುಡ ಉಬ್ಬಿ, ಮುಳ್ಳುಗಳು ಕಚ್ಚಿಕೊಳ್ಳುತ್ತವೆ. ವಿಜ್ಞಾನಿಗಳು ಕೂಡಿದ್ದ ಜೋಡಿಯನ್ನು ಎಳೆದು ಬಿಡಿಸಲು ಹೋದಾಗ ಗಂಡಿನ ಹೊಟ್ಟೆಯೇ ಕಿತ್ತು ಬಂತು, ಹಿಡಿತ ಮಾತ್ರ ಬಿಡಲಿಲ್ಲ! ಹೀಗೆ 40ರಿಂದ 70 ಗಂಟೆ ಕೂಡಿರುತ್ತವೆ. ವೀರ್ಯ ಅದೇ ಅಂಗದ ಮೂಲಕ ಹೆಣ್ಣಿಗೆ ಬರುತ್ತದೆ.

ಹೆಸರು ಕೊನೆಗೆ. 2014ರಲ್ಲಿ ಇದನ್ನು ವಿವರಿಸಿದ ವಿಜ್ಞಾನಿಗಳು ಗೈನೋಸೋಮ್ ಅಂದರು. ಅದನ್ನೇ ಇಟ್ಟುಕೊಳ್ಳಿ. ಗಂಡು ಕೀಟಗಳ ಅಂಗಕ್ಕೂ ಈಡೀಗಸ್ ಎಂಬ ಬೇರೆ ಪದವೇ ಇದೆ ಅಲ್ವಾ. ಕನ್ನಡದ್ದೇ ಬೇಕೆಂದರೆ "ಹೆಣ್ಣಿನ ಕೂಡುವ ಅಂಗ" ಅನ್ನಬಹುದು. ಎಲ್ಲರಿಗೂ ಹಿಡಿಸುತ್ತದೆ ಅನ್ನುವ ಖಾತ್ರಿ ನನಗಿಲ್ಲ, ಇಬ್ಬರು ಓದುಗರಿಗೆ ತೋರಿಸಿ ನೋಡಿ.