ಚಿಕ್ಕ ಮಕ್ಕಳಿದ್ದರೆ ಹೋಟೆಲಿಗಿಂತ ಮೊದಲು ರೂಮು ನೋಡಿ

ನೀವು ಕೇಳಿದ್ದು ಇಷ್ಟು: ಹತ್ತು ತಿಂಗಳ ಕೂಸು, ನಾಲ್ಕು ವರ್ಷದ ಮಗ, ಮೂರು ರಾತ್ರಿ. ಊರಾಚೆಯ ಈಜುಕೊಳದ ರೆಸಾರ್ಟೋ, ಊರೊಳಗಿನ ಸಾದಾ ಹೋಟೆಲ್ಲೋ? ಸ್ಟಾರ್ ಎಷ್ಟಿರಬೇಕು?

ಸ್ಟಾರ್ ಲೆಕ್ಕ ಬಿಟ್ಟುಬಿಡಿ. ಲಾಬಿ, ಲಿಫ್ಟು, ರೂಮ್ ಸರ್ವಿಸ್ ಹೇಗಿದೆ ಅನ್ನುವುದು ಅದರಿಂದ ಗೊತ್ತಾಗಬಹುದು, ಬಾಲ್ಕನಿ ಕಂಬಿಗಳ ಸಂದು ಎಷ್ಟಿದೆ ಅನ್ನುವುದು ಗೊತ್ತಾಗುವುದಿಲ್ಲ. ಮೊದಲು ರಾತ್ರಿ ಎಂಟು ಗಂಟೆಯನ್ನು ಯೋಚಿಸಿ. ಕೂಸು ಮಲಗಿತು. ಒಂದೇ ರೂಮಾದರೆ ಆಮೇಲೆ ದೀಪ ಆರಿಸಿ ಕತ್ತಲಲ್ಲಿ ಪಿಸುಗುಟ್ಟುತ್ತ ಕೂರುವುದೇ ಗತಿ, ದೊಡ್ಡವನಿಗೂ ಅದೇ ಶಿಕ್ಷೆ. ಹಾಗಾಗಿ ಒಂದು ದೊಡ್ಡ ರೂಮಿಗಿಂತ ನಡುವೆ ಬಾಗಿಲಿರುವ ಎರಡು ಚಿಕ್ಕ ಜಾಗ ಎಷ್ಟೋ ಮೇಲು. ಸರ್ವಿಸ್ ಅಪಾರ್ಟ್‌ಮೆಂಟ್ ಆಗಬಹುದು, ಸೂಟ್ ಆಗಬಹುದು, ಕನೆಕ್ಟಿಂಗ್ ರೂಮು ಆಗಬಹುದು. ಹೆಸರು ನೋಡಿ ಮೋಸಹೋಗಬೇಡಿ. ‘ಕನೆಕ್ಟಿಂಗ್’ ಅಂದರೆ ಎರಡು ರೂಮಿನ ನಡುವೆ ಒಳಬಾಗಿಲು ಇದೆ ಅಂತ. ‘ಅಡ್ಜಾಯ್ನಿಂಗ್’ ಅಂದರೆ ಬರೀ ಅಕ್ಕಪಕ್ಕ, ಕಾರಿಡಾರಿಗೆ ಬಂದೇ ಹೋಗಬೇಕು. ‘ಜೂನಿಯರ್ ಸೂಟ್’ನಲ್ಲಿ ಹೆಚ್ಚಾಗಿ ನಡುಗೋಡೆಯೇ ಇರುವುದಿಲ್ಲ, ಸೋಫಾ ಇಟ್ಟ ಒಂದೇ ದೊಡ್ಡ ರೂಮು ಅಷ್ಟೆ. ಇನ್ನು ಬುಕಿಂಗ್ ಆ್ಯಪಿನಲ್ಲಿ ‘ಸ್ಪೆಷಲ್ ರಿಕ್ವೆಸ್ಟ್’ ಅಂತ ಬರೆಯುವುದು ವಿನಂತಿ ಮಾತ್ರ, ಖಾತ್ರಿಯಲ್ಲ. ಹೋಟೆಲಿಗೇ ಫೋನ್ ಮಾಡಿ, ಅವರು ಒಪ್ಪಿದ್ದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ.

ಫೋನಿನಲ್ಲಿ ‘ಮಕ್ಕಳಿಗೆ ಅನುಕೂಲ ಇದೆಯಾ’ ಅಂದರೆ ‘ಇದೆ’ ಅನ್ನುತ್ತಾರೆ, ಇನ್ನೇನು ಅಂದಾರು. ಬರೀ ‘ಇದೆ’ ಅಂದು ತಪ್ಪಿಸಿಕೊಳ್ಳಲಾಗದಂಥ ನಿಖರ ಪ್ರಶ್ನೆ ಕೇಳಿ. ಬೇಬಿ ಕಾಟ್ (ಕೂಸು ಮಲಗುವ ಕಂಬಿ ಮಂಚ) ಒಟ್ಟು ಎಷ್ಟಿವೆ, ನಮ್ಮ ತಾರೀಖಿಗೆ ಒಂದು ಎತ್ತಿಟ್ಟಿದ್ದೀರಾ? ಕಾಟ್ ಹಾಕಿದ ಮೇಲೆ ಬಾತ್‌ರೂಮಿನ ಬಾಗಿಲು ಪೂರ್ತಿ ತೆರೆಯಲು ಜಾಗ ಉಳಿಯುತ್ತದೆಯಾ? ಕಿಟಕಿ ಎಷ್ಟು ತೆರೆದುಕೊಳ್ಳುತ್ತದೆ? ರೂಮಿಗೆ ಕರೆಂಟ್ ಬರಲು ಗೋಡೆಯ ಸ್ಲಾಟಿನಲ್ಲಿ ಹಾಕುವ ಕೀ ಕಾರ್ಡ್ ತೆಗೆದರೆ ಫ್ರಿಡ್ಜ್ ನಿಂತುಹೋಗುತ್ತದಾ? ನಾಲ್ಕು ವರ್ಷದವನನ್ನು ರೂಮಿನ ಲೆಕ್ಕಕ್ಕೆ ಹಿಡಿಯುತ್ತೀರಾ? ಈ ಕೊನೆಯದು ಮರೆತರೆ ಚೆಕ್‌-ಇನ್ ಹೊತ್ತಿಗೆ ಜಗಳ. ಎಷ್ಟು ವರ್ಷದವರೆಗೆ ಉಚಿತ ಅನ್ನುವುದು ಒಂದೊಂದು ಕಡೆ ಒಂದೊಂದು ಥರ, ಮೇಲಾಗಿ ‘ಉಚಿತ’ ಅಂದರೆ ಎಕ್ಸ್‌ಟ್ರಾ ಬೆಡ್ ಇಲ್ಲದೆ, ಎಷ್ಟೋ ಕಡೆ ಬೆಳಗಿನ ತಿಂಡಿಯೂ ಇಲ್ಲದೆ.

ಕಾಟ್ ವಿಷಯದಲ್ಲಿ ಮುಲಾಜು ಬೇಡ. ತಂದಿಟ್ಟ ಹುಡುಗ ಹೋಗುವ ಮೊದಲೇ ನೋಡಿಬಿಡಿ. ನಾಲ್ಕೂ ಮೂಲೆ ಹಿಡಿದು ಅಲ್ಲಾಡಿಸಿ, ಸ್ಕ್ರೂ ಸಡಿಲವಾಗಿದ್ದರೆ ಕಿರುಗುಟ್ಟುತ್ತದೆ. ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು. ಸಾಮಾನ್ಯ ಅಳತೆಯ ತಂಪು ಪಾನೀಯದ ಡಬ್ಬಿ ನಡುವೆ ತೂರಿದರೆ ಆ ಕಾಟ್ ಬೇಡ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇದ್ದರೆ ಮುಖ ಸಿಕ್ಕಿಕೊಳ್ಳುವ ಭಯ. ಸಂದು ಮುಚ್ಚಲು ಟವೆಲ್ ಸುತ್ತಿ ತುರುಕಬೇಡಿ, ಅದು ಇನ್ನೂ ಅಪಾಯ. ಮಡಚುವ ಕಾಟ್ ಆದರೆ ಅದರ ಜೊತೆ ಬಂದ ತೆಳು ಹಾಸಿಗೆಯೇ ಸರಿ. ಮೆತ್ತಗಿರಲಿ ಅಂತ ಮೇಲೊಂದು ರಜಾಯಿ ಹಾಸಿ ಕೊಡುತ್ತಾರೆ, ತೆಗೆಸಿ. ದಿಂಬೂ ಬೇಡ. ಒಂದು ಬದಿ ಕೆಳಕ್ಕೆ ಜಾರುವ ಹಳೇ ಮಾದರಿ ತಂದರೆ ವಾಪಸ್ ಕಳಿಸಿ. ಆ ಬದಿ ಕಳಚಿಕೊಂಡು ಸಂದಿನಲ್ಲಿ ಕೂಸುಗಳು ಸಿಕ್ಕಿ ಸತ್ತ ಮೇಲೆ ಅಮೆರಿಕದಲ್ಲಿ 2011ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದರು, ಹೋಟೆಲುಗಳಿಗೆ ಬದಲಿಸಿಕೊಳ್ಳಲು 2012ರ ಡಿಸೆಂಬರ್‌ವರೆಗೆ ಗಡುವು ಕೊಟ್ಟರು. ಕಾಟ್ ಸರಿಯಿಲ್ಲ ಅಂತ ಕೂಸನ್ನು ದೊಡ್ಡ ಮಂಚದಲ್ಲಿ ಗೋಡೆ ಕಡೆ ಮಲಗಿಸುವುದು ಪರಿಹಾರವಲ್ಲ, ಮಂಚಕ್ಕೂ ಗೋಡೆಗೂ ನಡುವೆ ಜಾರಿದರೆ ಮೇಲೇಳಲು ಆ ವಯಸ್ಸಿಗೆ ಆಗದು.

ಹಾಲಿನ ಪುಡಿ ಕೊಡುವವರಾದರೆ ಕೆಟಲ್ ಬೇಕೇ ಬೇಕು. ಹಿಂದೆ ಇದ್ದವರು ಅದರಲ್ಲಿ ಏನೇನು ಕುದಿಸಿದ್ದರೋ, ಮೊದಲ ಸಲ ತುಂಬ ನೀರು ಕುದಿಸಿ ಚೆಲ್ಲಿ. ಪುಡಿ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಪುಡಿಯಲ್ಲೇ ಇರಬಹುದಾದ ರೋಗಾಣು ಸಾಯಲು ಅಷ್ಟು ಬಿಸಿ ಬೇಕು. ಒಂದು ಲೀಟರ್ ಕುದಿಸಿದರೆ ಅರ್ಧ ಗಂಟೆಯೊಳಗೆ ಬಳಸಬೇಕು ಅನ್ನುವುದು ಲೆಕ್ಕ. ಹೋಟೆಲಿನ ಪುಟ್ಟ ಕೆಟಲಿನಲ್ಲಿ ನೀರು ಅದಕ್ಕಿಂತ ಬೇಗ ಆರುತ್ತದೆ. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕೊಡಿ. ಎದೆಹಾಲು ತೆಗೆದಿಡುವವರು ಮಿನಿ ಫ್ರಿಡ್ಜನ್ನು ನಂಬಬೇಡಿ. 4 ಡಿಗ್ರಿ ಇದ್ದರೆ ನಾಲ್ಕು ದಿನ ಇಡಬಹುದು, ಆದರೆ ಸದ್ದಿಲ್ಲದ ಆ ಪುಟ್ಟ ಫ್ರಿಡ್ಜುಗಳಲ್ಲಿ ಹಲವಕ್ಕೆ ಕಂಪ್ರೆಸರ್ ಇರುವುದಿಲ್ಲ, ಬರೀ ತಂಪಾಗಿಡುತ್ತವೆ. ಮೇಲೆ ಹೇಳಿದ ಕೀ ಕಾರ್ಡ್ ಸಮಸ್ಯೆ ಬೇರೆ: ನೀವು ತಿರುಗಾಡಿ ಬರುವಷ್ಟರಲ್ಲಿ ಒಳಗೆಲ್ಲ ಬೆಚ್ಚಗೆ. ಚೆಕ್‌-ಇನ್‌ನಲ್ಲೇ ಎರಡು ಕಾರ್ಡ್ ಕೇಳಿ, ಒಂದನ್ನು ಸ್ಲಾಟಿನಲ್ಲೇ ಬಿಡಿ. ಅಥವಾ ಅಡುಗೆಮನೆಯ ಫ್ರಿಡ್ಜಿನಲ್ಲಿ ಹೆಸರು ಬರೆದು ಇಡಲು ಹೇಳಿ.

ಬಾತ್‌ರೂಮಿನಲ್ಲಿ ಬಿಸಿನೀರೇ ದೊಡ್ಡ ಶತ್ರು. 60 ಡಿಗ್ರಿ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ, ಹೋಟೆಲಿನ ನಲ್ಲಿ ನೀರು ಎಷ್ಟು ಬಿಸಿ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಮೊದಲು ತಣ್ಣೀರು, ಆಮೇಲೆ ಬಿಸಿ, ಮೊಣಕೈ ಅದ್ದಿ ನೋಡಿ. ಹ್ಯಾಂಡ್ ಶವರ್ ಇದ್ದರೆ ಕೆಲಸ ಅರ್ಧ ಸಲೀಸು. ದೊಡ್ಡವನು ಒಳಗಿಂದ ಚಿಲಕ ಹಾಕಿಕೊಳ್ಳುವ ವಯಸ್ಸು; ಬಾಗಿಲ ನೆತ್ತಿಗೆ ಟವೆಲ್ ಹಾಕಿಟ್ಟರೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಬಾಲ್ಕನಿ ಇಲ್ಲದ ರೂಮೇ ಇರಲಿ. ಇದ್ದರೆ ಕಂಬಿ ಸಂದು 10 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು, ಅಡ್ಡಪಟ್ಟಿಯ ಕಟಕಟೆಯಾದರೆ ನಾಲ್ಕು ವರ್ಷದವನಿಗೆ ಅದೇ ಏಣಿ. ಅಲ್ಲಿರುವ ಕುರ್ಚಿ ಒಳಗೆ ತನ್ನಿ. ಕಿಟಕಿ ಪರದೆಯ ಕುಣಿಕೆ ಹಗ್ಗವನ್ನು ಕೂಸಿಗೆ ಎಟುಕದಷ್ಟು ಮೇಲೆ ಕಟ್ಟಿ.

ರೆಸಾರ್ಟೋ ಊರೋ? ಈ ವಯಸ್ಸಿಗೆ ಊರೊಳಗಿನದೇ ಸರಿ ಅನ್ನುತ್ತೇನೆ. ಹತ್ತು ತಿಂಗಳ ಕೂಸು ಹಗಲಲ್ಲಿ ಸಾಮಾನ್ಯವಾಗಿ ಎರಡು ಸಲ ಮಲಗುತ್ತದೆ, ನೀವು ರೂಮಿಗೆ ವಾಪಸ್ ಬರಲೇಬೇಕು, ದಾರಿ ದೂರವಾದಷ್ಟೂ ದಿನ ಹಾಳು. ಈಜುಕೊಳವೇ ಬೇಕು ಅಂದರೆ ನಾಲ್ಕೂ ಕಡೆ ಕನಿಷ್ಠ 1.2 ಮೀಟರ್ ಬೇಲಿ, ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟು ಇರಬೇಕು. ಬಾಗಿಲು ತೆರೆದರೆ ನೇರ ನೀರಿಗೇ ಇಳಿಯುವ ರೂಮು ಫೋಟೋದಲ್ಲಿ ಚಂದ, ನಿಮಗಲ್ಲ. ಮುಳುಗುವ ಮಗು ಕೂಗುವುದಿಲ್ಲ, ಗಾಳಿ ತುಂಬಿದ ತೋಳುಪಟ್ಟಿ ಜೀವರಕ್ಷಕವೂ ಅಲ್ಲ.

ಲಿಫ್ಟಿನ ಪಕ್ಕ, ಮದುವೆ ಮಂಟಪದ ಮೇಲೆ ರೂಮು ಬೇಡ ಅಂತ ಮೊದಲೇ ಹೇಳಿ. ಬೆಳಗ್ಗೆ ಬೇಗ ತಲುಪುವುದಾದರೆ ಚೆಕ್‌-ಇನ್ ಹೊತ್ತು ವಿಚಾರಿಸಿ, ಬಹಳ ಕಡೆ ಮಧ್ಯಾಹ್ನ ಎರಡು ಮೂರಕ್ಕೆ ಮುಂಚೆ ಕೀ ಸಿಗುವುದಿಲ್ಲ. ತುಸು ಹೆಚ್ಚಾದರೂ ದುಡ್ಡು ವಾಪಸ್ ಬರುವ ದರದಲ್ಲೇ ಬುಕ್ ಮಾಡಿ, ಮಕ್ಕಳಿಗೆ ಹೊರಡುವ ಹಿಂದಿನ ದಿನವೇ ಜ್ವರ ಬರುತ್ತದೆ. ರದ್ದು ಮಾಡುವ ಗಡುವು ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಗಡಿಯಾರದ ಪ್ರಕಾರ. ಬೇರೆ ದೇಶವಾದರೆ ನಿಮ್ಮ ಗಂಟೆಗೆ ಬದಲಿಸಿ ಈಗಲೇ ಬರೆದಿಟ್ಟುಕೊಳ್ಳಿ.