ಮನೆಯವರಿಗೆ ಗೊತ್ತಾಗದ ಹಾಗೆ, ದುಡ್ಡಿಲ್ಲದೆ ಯಾರ ಹತ್ತಿರ ಮಾತಾಡಬಹುದು?

ಸಿರುಗುಪ್ಪದಲ್ಲಿ ದ್ವಿತೀಯ ಪಿಯುಸಿ ಓದ್ತಿದ್ದೀನಿ, ಒಂದು ವಿಷಯ ಯಾರಿಗೂ ಹೇಳೋಕೆ ಆಗ್ತಿಲ್ಲ ಅಂತ ಬರೆದಿದ್ದೀಯ ತಂಗಿ. ನೂರಕ್ಕೆ ನೂರು ಗುಟ್ಟಾಗಿರುವ ಜಾಗ ನಮ್ಮ ಕಡೆ ಇದೆಯಾ, ಇಲ್ಲಾ ದುಡ್ಡು ಕೂಡಿಸಿ ಬೆಂಗಳೂರಿನವರ ಹತ್ತಿರ ಆನ್‌ಲೈನಲ್ಲಿ ಮಾತಾಡಲಾ, ಫ್ರೀ ಅಂದ್ರೆ ಕಾಟಾಚಾರ ಅಂತಾರಲ್ಲ ಅಂತಲೂ ಕೇಳಿದ್ದೀಯ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ರಾಯಚೂರಿನ ಹಾಸ್ಟೆಲಿನಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಒದ್ದಾಡಿದವಳು ನಾನು.

ನಮ್ಮದು ಲಿಂಗಸುಗೂರು ತಾಲ್ಲೂಕಿನ ಹಳ್ಳಿ. ಹತ್ತಿ, ತೊಗರಿ ಬೆಳೆಯುವ ಮನೆ. ಬಿ.ಎಸ್ಸಿ. ಮಾಡಲು ರಾಯಚೂರಿಗೆ ಬಂದೆ. ಎರಡನೇ ವರ್ಷ ಗಣಿತದ ಪೇಪರುಗಳು ಹೋದವು. ಮನೆಯಲ್ಲಿ ಪಾಸ್ ಅಂತ ಹೇಳಿಬಿಟ್ಟೆ. ಮುಂದಿನ ಸಲ ಬರೆದು ಪಾಸಾದರೆ ಆಯ್ತು, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಆದರೆ ಸುಳ್ಳು ಹೇಳಿದ ಮೇಲೆ ಓದಲು ಕೂತರೆ ಪುಸ್ತಕ ಕಾಣಿಸುತ್ತಿರಲಿಲ್ಲ, ಅಪ್ಪನ ಮುಖ ಕಾಣಿಸುತ್ತಿತ್ತು. ಮುಂದಿನ ಸಲವೂ ಹೋಯಿತು. ಅವ್ವ ಫೋನ್ ಮಾಡಿ "ಆರಾಮ ಇದ್ದೀ ಏನವ್ವಾ? ಊಟ ಮಾಡಿದಿ?" ಅಂದರೆ ಹೂಂ ಅಂದು ಇಡುತ್ತಿದ್ದೆ. ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಏಳದೇ ಇದ್ದರೆ ಚೆಂದ ಅನ್ನಿಸುವುದಕ್ಕೂ ಶುರುವಾಯಿತು.

ಗೆಳತಿಯೊಬ್ಬಳು ಒತ್ತಾಯ ಮಾಡಿ ಆಪ್ತ ಸಮಾಲೋಚಕರ ಹತ್ತಿರ ಕಳಿಸಿದಳು. ಉಚಿತ ಸೇವೆಯೇ. ನನ್ನ ಒಂದು ವರ್ಷ ತಿಂದ ತಪ್ಪು ನಡೆದದ್ದು ಅಲ್ಲಿ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಡಂ ಮುಂದೆ ಒಂದು ರಿಜಿಸ್ಟರ್ ಇತ್ತು. ಹೆಸರು, ವಯಸ್ಸು, ತಂದೆಯ ಹೆಸರು, ಊರು, ಫೋನ್ ನಂಬರ್ ಅಂತ ಗೆರೆ ಹಾಕಿದ್ದರು. "ತಂದೆಯ ಹೆಸರು" ಅನ್ನುವ ಆ ಕಾಲಂ ನೋಡಿದ್ದೇ ನನ್ನ ಎದೆ ಧಸಕ್ಕಂತು. ಇವರು ಮನೆಗೆ ತಿಳಿಸುತ್ತಾರೆ, ಇಲ್ಲದಿದ್ದರೆ ಅಪ್ಪನ ಹೆಸರು ಯಾಕೆ ಅಂದುಕೊಂಡೆ. ಎದುರಿಗೇ ಕೂತಿದ್ದ ಮನುಷ್ಯರನ್ನು "ಇದು ಯಾಕೆ ಮೇಡಂ?" ಅಂತ ಕೇಳಬಹುದಿತ್ತು. ಕೇಳಲಿಲ್ಲ. ಏನು ತೊಂದರೆ ಅಂದಾಗ ನಿದ್ದೆ ಬರುತ್ತಿಲ್ಲ, ತಲೆನೋವು ಅಂದೆ. ಬೇರೆ ಏನಾದರೂ ಇದೆಯಾ ಅಂತ ಅವರು ಮತ್ತೆ ಕೇಳಿದರು. ಇಲ್ಲ ಅಂದೆ. ರಾತ್ರಿ ಚಹಾ ಬಿಡು, ಮಲಗುವಾಗ ಮೊಬೈಲ್ ದೂರ ಇಡು, ಮುಂದಿನ ವಾರ ಮತ್ತೆ ಬಾ ಅಂದರು. ನಾನು ಹೋಗಲಿಲ್ಲ. ಹಾಸ್ಟೆಲಿಗೆ ಬಂದು "ಫ್ರೀ ಅಂದ್ರೆ ಇಷ್ಟೇ, ಚಹಾ ಬಿಡು ಅಂತಾರೆ" ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿದ್ದೆ ಇಲ್ಲ ಅಂದವಳಿಗೆ ಅವರು ನಿದ್ದೆಯ ಮಾತೇ ಹೇಳಿದರು. ಫೇಲಾದದ್ದು, ಸುಳ್ಳು ಹೇಳಿದ್ದು, ಸಾಯುವ ಯೋಚನೆ ಬಂದದ್ದು, ಯಾವುದೂ ಅವರಿಗೆ ಗೊತ್ತೇ ಇರಲಿಲ್ಲವಲ್ಲ. ಆ ಕಾಲಂ ಬರೀ ದಾಖಲೆಗೆ ಅಂತ ಆಮೇಲೆ ತಿಳಿಯಿತು. ಜ್ವರ ಅಂತ ಹೋದರೂ ಚೀಟಿಯಲ್ಲಿ ತಂದೆಯ ಹೆಸರು ಬರೆಸಿಕೊಳ್ಳುತ್ತಾರೆ.

ಆ ವರ್ಷ ಏನಾಯಿತು ಗೊತ್ತಾ? ನಾನು ಪಾಸಾಗುತ್ತೇನೆ ಅಂತ ನಂಬಿ ಅಪ್ಪ ನನ್ನ ಬಿ.ಇಡಿ.ಗೆ ಬಡ್ಡಿಗೆ ದುಡ್ಡು ತಂದಿಟ್ಟರು. ನಾನು ಡಿಗ್ರಿಯೇ ಮುಗಿಸಿರಲಿಲ್ಲ. ಒಂದು ವರ್ಷ ಅವರು ಆ ದುಡ್ಡಿಗೆ ಸುಮ್ನೆ ಬಡ್ಡಿ ಕಟ್ಟಿದರು. ಇವತ್ತಿಗೂ ಹತ್ತಿ ಬಿಡಿಸುವ ಕಾಲ ಬಂದರೆ ನನಗೆ ಅದೇ ನೆನಪು.

ಕೊನೆಗೆ ನಾನು ಫೋನ್ ಮಾಡಿದ್ದು ಟೆಲಿ ಮಾನಸ್‌ಗೆ, 14416. ಮನಸ್ಸಿನ ತೊಂದರೆ ಇರುವವರು ಫೋನಲ್ಲಿ ಮಾತಾಡಲಿ ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಸಲ ಬೇರೆ ಏನೂ ಹೇಳುವ ಮುಂಚೆ "ನಾನು ಹೇಳಿದ್ದನ್ನು ನಮ್ಮ ಮನೆಗೆ ಹೇಳ್ತೀರಾ?" ಅಂತ ಕೇಳಿದೆ. ಇಲ್ಲ ಅಂದರು. ಆದರೆ ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ನಿಮ್ಮ ಹತ್ತಿರದವರು ಯಾರನ್ನಾದರೂ ಸೇರಿಸಿಕೊಳ್ಳಬೇಕಾಗುತ್ತದೆ, ಅದನ್ನು ನಿಮಗೆ ಹೇಳಿಯೇ ಮಾಡುತ್ತೇನೆ ಅಂದರು. ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೇ ನನಗೆ ನಂಬಿಕೆ ಬಂತು. ಆಮೇಲೆ ಎಲ್ಲಾ ಹೇಳಿದೆ. ಸಾಯಬೇಕು ಅನ್ನಿಸಿದೆಯಾ ಅಂತ ಅವರು ನೇರವಾಗಿ ಕೇಳಿದರು, ಹೌದು ಅಂದೆ. ರೂಮಿನಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ, ಪಕ್ಕದಲ್ಲಿ ಮಲಗಿದ್ದ ಗೆಳತಿಯನ್ನು ಎಬ್ಬಿಸಿ ಹೇಳಲು ಹೇಳಿದರು. ಆಮೇಲೆ ಆಸ್ಪತ್ರೆಗೂ ಹೋದೆ, ಇನ್ನೊಬ್ಬ ಸಮಾಲೋಚಕರ ಹತ್ತಿರವೂ ಹೋದೆ. ಅಪ್ಪನಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ಅವರ ಜೊತೆ ಕೂತು ಮೊದಲೇ ಮಾತಾಡಿಕೊಂಡೆ. ಹೇಳಿದಾಗ ಅಪ್ಪ ಬೈದರು. ಚೆನ್ನಾಗಿಯೇ ಬೈದರು. ಮರುದಿನ "ಯಾವ ಪೇಪರ್ ಉಳಿದಾವ?" ಅಂತ ಅವರೇ ಕೇಳಿದರು.

ಅದಕ್ಕೇ ನಿನ್ನ "ನೂರಕ್ಕೆ ನೂರು ಗುಟ್ಟು" ಅನ್ನುವ ಮಾತು ನಾನು ಒಪ್ಪಲ್ಲ. ಅಂಥ ಜಾಗ ಹುಡುಕಬೇಡ. ಎಲ್ಲೂ ಇಲ್ಲ, ದುಡ್ಡು ಕೊಟ್ಟರೂ ಇಲ್ಲ, ಇರಲೂಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗುಟ್ಟು ಕಾಯುವುದನ್ನು ನಿನ್ನ ಹಕ್ಕು ಅಂತ ಹೇಳುತ್ತದೆ. ಜೀವಕ್ಕೆ ಅಪಾಯ ಇದ್ದಾಗ ಆ ಹಕ್ಕಿಗೆ ವಿನಾಯಿತಿ ಇದೆ ಅಂತಲೂ ಅದೇ ಕಾಯ್ದೆ ಹೇಳುತ್ತದೆ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಸಮಾಲೋಚಕರಿಗೂ ಬೇರೆ ದಾರಿ ಇಲ್ಲ. ನಿನ್ನ ವಿಷಯ ಅದೇ ಆಗಿದ್ದರೆ ಇದು ಮೊದಲೇ ನಿನಗೆ ತಿಳಿದಿರಲಿ. ತಿಳಿಸುವುದು ನಿನ್ನನ್ನು ಕಾಪಾಡಲು. ತಪ್ಪು ನಿನ್ನದಲ್ಲ. ಇನ್ನು ಮಾತ್ರೆ, ಆಸ್ಪತ್ರೆ ಅಂತ ಬಂದರೆ 18 ತುಂಬದವರಿಗೆ ಮನೆಯವರು ಬರಬೇಕಾಗುತ್ತದೆ. ಪರೀಕ್ಷೆಯ ಭಯ, ಪ್ರೀತಿ, ಮನೆಯ ಜಗಳ, ಗೆಳತಿಯರ ಮುನಿಸು, ಇಂಥವನ್ನು ಯಾರೂ ಊರಿಗೆಲ್ಲ ಹೇಳಿಕೊಂಡು ತಿರುಗಲ್ಲ.

ಸಾಯಲು ಪ್ರಯತ್ನ ಮಾಡಿದ್ದೇನೆ ಅಂದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ನಮ್ಮ ಕಡೆ ಇನ್ನೂ ಹೆದರಿಸುತ್ತಾರೆ. ಅದೇ 2017ರ ಕಾಯ್ದೆಯ 115ನೇ ಕಲಂ ಓದು. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸಬಾರದು ಅಂತ ಇದೆ.

ಬೆಂಗಳೂರಿಗೇ ಹೋಗಬೇಕು ಅನ್ನುವುದನ್ನೂ ತಲೆಯಿಂದ ತೆಗೆ. ನೀನು ಬಳ್ಳಾರಿ ಜಿಲ್ಲೆಯವಳು. 1980ರ ದಶಕದಲ್ಲಿ ಬೆಂಗಳೂರಿನ ದೊಡ್ಡ ಮನೋರೋಗ ಆಸ್ಪತ್ರೆ ನಿಮ್ಹಾನ್ಸ್‌ನವರು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೂ ಒಯ್ಯಬಹುದಾ ಅಂತ ಮಾಡಿ ನೋಡಿದ್ದು ನಿಮ್ಮ ಜಿಲ್ಲೆಯಲ್ಲೇ. ಅದನ್ನು ಬಳ್ಳಾರಿ ಮಾದರಿ ಅಂತಲೇ ಕರೆಯುತ್ತಾರೆ. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದನ್ನೇ ನೋಡಿ. ಇದನ್ನು ಓದಿದ ದಿನ ನನಗೆ ನಮ್ಮ ಸೀಮೆಯ ಬಗ್ಗೆ ಹೆಮ್ಮೆ ಆಯ್ತು. ನಮ್ಮ ಕಡೆ ಏನೂ ಇಲ್ಲ, ಏನೂ ಇಲ್ಲ ಅಂತಲೇ ಕೇಳುತ್ತಾ ಬೆಳೆದವರು ನಾವು, ಅಲ್ವಾ?

ನಿನಗೆ ಸದ್ಯಕ್ಕೆ ಬೇಕಾದದ್ದು ಇಷ್ಟು. 14416 ಒಂದು. 18ರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ, ಯಾರಾದರೂ ಹೊಡೆಯುತ್ತಿದ್ದರೆ, ಹಿಂಸೆ ಕೊಡುತ್ತಿದ್ದರೆ, ಓದು ಬಿಡಿಸಿ ಮದುವೆ ಮಾಡಲು ಹೊರಟಿದ್ದರೆ ಮೊದಲು ಅದಕ್ಕೇ ಮಾಡು. ಎದುರಿಗೆ ಕೂತು ಮಾತಾಡಬೇಕು ಅನ್ನಿಸಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಎಲ್ಲಿದೆ ಅಂತ ಕೇಳು. 10ರಿಂದ 19 ವರ್ಷದವರಿಗೆ ಅಂತಲೇ ಇರುವುದು ಅದು. ಮುಟ್ಟಿನ ತೊಂದರೆಗೂ ಅಲ್ಲಿಗೇ ಹೋಗುತ್ತಾರೆ, ಹಾಗಾಗಿ ಯಾರಾದರೂ ನೋಡಿದರೂ ಅನುಮಾನ ಪಡಲ್ಲ. ಬಳ್ಳಾರಿಗೆ ಹೋಗುವ ಅನುಕೂಲ ಇದ್ದರೆ ಯುವ ಸ್ಪಂದನ ಕೇಂದ್ರ ವಿಚಾರಿಸು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ನಿಮ್ಹಾನ್ಸ್ ಜೊತೆ ಸೇರಿ ಮಾಡಿದ್ದು. ಓದು, ಸಂಬಂಧ, ಮನಸ್ಸು ಯಾವುದರ ಬಗ್ಗೆಯೂ ಅಲ್ಲಿ ಮಾತಾಡಬಹುದು. ದುಡ್ಡು ಕೊಟ್ಟು ಆನ್‌ಲೈನಲ್ಲಿ ಮಾತಾಡುವುದು ತಪ್ಪಲ್ಲ. ಆದರೆ ಅದಕ್ಕೆ ದುಡ್ಡು ಕೂಡಿಸುವ ತನಕ ಕಾಯುತ್ತೀಯಲ್ಲ, ನನಗೆ ಹೆದರಿಕೆ ಇರುವುದು ಅದರ ಬಗ್ಗೆ. ಕಾಯಬೇಡ.

ಇವತ್ತು ರಾತ್ರಿಯೇ ಬದುಕುವುದು ಬೇಡ ಅನ್ನಿಸಿದರೆ ಒಬ್ಬಳೇ ಇರಬೇಡ. ಅವ್ವನನ್ನೋ ಪಕ್ಕದ ಮನೆಯವರನ್ನೋ ಎಬ್ಬಿಸು, ತುರ್ತು ನಂಬರ್ 112ಕ್ಕೆ ಫೋನ್ ಮಾಡು.

ಫೋನ್ ಅಣ್ಣನದು, ಅವನು ಕಾಲ್ ಲಿಸ್ಟ್ ನೋಡುತ್ತಾನೆ ಅಂತಲೂ ಬರೆದಿದ್ದೀಯ. ಹಾಗಾದರೆ ಕಾಲೇಜು ಬಿಟ್ಟ ಮೇಲೆ ಗೆಳತಿಯ ಫೋನಿಂದ ಮಾಡು. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹಾಗೇ ಹೇಳು, ನಾನೂ ಮೊದಲ ದಿನ ಹೇಳಿರಲಿಲ್ಲ. "ನಾನು ಹೇಳಿದ್ದನ್ನು ಯಾರಿಗೆ ಹೇಳ್ತೀರಿ, ಯಾವಾಗ ಹೇಳ್ತೀರಿ?" ಅಂತ ಮೊದಲು ಕೇಳು. ಉತ್ತರ ಸರಿ ಅನ್ನಿಸದಿದ್ದರೆ ಫೋನ್ ಇಟ್ಟು ಮರುದಿನ ಮತ್ತೆ ಮಾಡು, ಬೇರೆಯವರು ಎತ್ತಬಹುದು. ಸರಿ ಅನ್ನಿಸಿದರೆ ನಿದ್ದೆ, ತಲೆನೋವು ಅಂತ ಸುತ್ತಿ ಬಳಸಿ ಹೇಳಬೇಡ. ಇಲ್ಲಿ ಬರೆಯಲು ಆಗದ ಆ ವಿಷಯವನ್ನೇ ಹೇಳು.