ಟ್ರಾಕೇನರ್ ತೆಳ್ಳಗೆ ಯಾಕೆ?

ಒಲಿಂಪಿಕ್ಸ್‌ನಲ್ಲಿ ಟ್ರಾಕೇನರ್ ತಳಿಯ ಹೆಣ್ಣು ಕುದುರೆ ಡಾಲೆರಾಳನ್ನು ನೋಡಿ, ಈ ತಳಿ ಉಳಿದ ಜರ್ಮನ್ ತಳಿಗಳಿಗಿಂತ ತೆಳ್ಳಗೆ ಯಾಕೆ, ತೊಡೆ ಮೇಲಿನ ಮುದ್ರೆ ಏನು ಎಂದು ಕೇಳಿದ್ದೀರಿ.

ಕಾರಣ ರಕ್ತದಲ್ಲೇ ಇದೆ. ಹ್ಯಾನೋವೇರಿಯನ್, ಓಲ್ಡನ್‌ಬರ್ಗ್‌ನಂಥ ಜರ್ಮನ್ ಕುದುರೆಗಳಲ್ಲಿ ಬೇರೆ ಬೇರೆ ತಳಿ ಧಾರಾಳವಾಗಿ ಬೆರೆತಿವೆ. ಟ್ರಾಕೇನರ್‌ನವರು ಮಾತ್ರ ಭಾರಿ ಮಡಿವಂತರು! ಹೊರಗಿನಿಂದ ಸೇರಿಸುವುದು ಹೆಚ್ಚುಕಡಿಮೆ ಥರೋಬ್ರೆಡ್ (ರೇಸ್ ಕುದುರೆ ತಳಿ) ಮತ್ತು ಅರಬ್ಬಿ ರಕ್ತ ಮಾತ್ರ. ಅದಕ್ಕೇ ಆ ಉದ್ದ ಕತ್ತು, ಸಣ್ಣ ಮೂತಿ, ದೊಡ್ಡ ಕಣ್ಣು, ನೆಲ ಮುಟ್ಟಿಯೂ ಮುಟ್ಟದಂಥ ಟ್ರಾಟ್ (ದುಡುಕಿ ನಡೆ).

1732ರಲ್ಲಿ ಪ್ರಶ್ಯದ (ಹಳೆಯ ಜರ್ಮನ್ ರಾಜ್ಯ) ದೊರೆ ಒಂದನೇ ಫ್ರೆಡ್ರಿಕ್ ವಿಲ್ಹೆಲ್ಮ್ ಟ್ರಾಕೇನೆನ್‌ನಲ್ಲಿ ಇವನ್ನು ಬೆಳೆಸಲು ಶುರು ಮಾಡಿದ. ಆ ಊರು ಈಗ ರಷ್ಯದ ಕಲಿನಿನ್‌ಗ್ರಾದ್ ಪ್ರಾಂತ್ಯದಲ್ಲಿದೆ. 1945ರ ಚಳಿಗಾಲದಲ್ಲಿ ಸೋವಿಯತ್ ಸೇನೆ ನುಗ್ಗಿದಾಗ ರೈತರು ಇವೇ ಕುದುರೆಗಳನ್ನು ಗಾಡಿಗೆ ಕಟ್ಟಿ, ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ಪಶ್ಚಿಮಕ್ಕೆ ಹೊರಟರು. ಗಬ್ಬದ ಕುದುರೆಗಳೂ ಗಾಡಿ ಎಳೆದವು. ಮಂಜುಗಡ್ಡೆ ಒಡೆದು ಎಷ್ಟೋ ಮುಳುಗಿದವು. ಬದುಕುಳಿದ ಕೆಲವೇ ಕುದುರೆಗಳಿಂದ ಪಶ್ಚಿಮ ಜರ್ಮನಿಯಲ್ಲಿ ತಳಿ ಮತ್ತೆ ಬೆಳೆಯಿತು.

ಮುದ್ರೆ ಮೂಸ್ ಜಿಂಕೆಯ ಜೋಡಿ ಕೊಂಬಿನದು.

ಡಾಲೆರಾ ಟೋಕಿಯೊ, ಪ್ಯಾರಿಸ್ ಸೇರಿ 4 ಚಿನ್ನ ಗೆದ್ದಳು ನಿಜ. ಆದರೆ ಈ ತಳಿ ಸ್ವಲ್ಪ ಜಾಸ್ತಿಯೇ ಸೂಕ್ಷ್ಮ. ಸವಾರಿ ಈಗಷ್ಟೇ ಕಲಿಯುತ್ತಿದ್ದರೆ ಶಾಂತ ಸ್ವಭಾವದ ಬೇರೆ ಕುದುರೆ ನೋಡಿ.